ಪ್ಯಾಡು ಹರಿಯುವ ನಾಯಿ

ನಾಯಿ ಸಾಕುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮರಾಠಿ ಸೀಮೆಯ ನಿಗಡಿಯಲ್ಲಿರುವ ನಮ್ಮ ಸೊಸೈಟಿಯಲ್ಲಿ ಈಗ ಎಲ್ಲರೂ ನನ್ನನ್ನು ಗುರುತಿಸುವುದೇ ನಾಯಿಯಿಂದ. ಇಪ್ಪತ್ತು ವರ್ಷ ಇದೇ ಕಟ್ಟಡದಲ್ಲಿದ್ದರೂ ನನ್ನ ಮುಖ ನೆನಪಿಡದ ವಾಚ್‌ಮನ್ ಈಗ ದಿನಾ ಬೆಳಿಗ್ಗೆ ಮೊದಲು ನಾಯಿಗೆ ನಮಸ್ಕಾರ ಹೇಳಿ, ಆಮೇಲೆ ನನ್ನ ಕಡೆ ನೋಡುತ್ತಾನೆ.

ಅದು ನಮ್ಮ ಮನೆಗೆ ಬಂದದ್ದು ಹದಿನೈದು ದಿನದ ಮಟ್ಟಿಗೆ. ನಮ್ಮ ಮಹಡಿಯಲ್ಲೇ ಬಾಡಿಗೆಗಿದ್ದ ಗಂಡ ಹೆಂಡಿರಿಗೆ ನಾಗಪುರಕ್ಕೆ ವರ್ಗವಾಯಿತು. ಅಲ್ಲಿ ಮನೆ ಸಿಗುವವರೆಗೆ ನೋಡಿಕೊಳ್ಳಿ ಎಂದು ಆ ಹುಡುಗಿ ನಾಯಿಯನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಬಿಳಿ ಪೊಮೇರಿಯನ್, ಆರು ತಿಂಗಳಿನದು, ತೂಕದಲ್ಲಿ ಒಂದು ಕುಂಬಳಕಾಯಿಯಷ್ಟು. ಆಗುವುದಿಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಕುರ್ಚಿಯಲ್ಲಿ ಕೂತಿದ್ದ ನನ್ನ ಗಂಡ ತಲೆಯಾಡಿಸಿದರು. ಅವರಾಗಿ ಒಂದು ವಿಷಯಕ್ಕೆ ತಲೆಯಾಡಿಸಿದ್ದನ್ನು ನಾನು ನೋಡಿ ಬಹಳ ದಿನಗಳಾಗಿದ್ದವು. ನಾನು ಬಾಯಿ ಮುಚ್ಚಿಕೊಂಡೆ. ನಾಗಪುರದವರು ಆಮೇಲೆ ಫೋನು ಎತ್ತುವುದನ್ನೇ ಬಿಟ್ಟರು.

ನನ್ನ ಗಂಡನಿಗೆ ಅದಕ್ಕೂ ಆರು ತಿಂಗಳ ಹಿಂದೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಜೊತೆಗೆ ಮಾತು. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಅವರು ಕುರಕುಂಭದ ಕಡೆ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಸೋಮವಾರ ನಸುಕಿಗೆ ಹೋದರೆ ಶನಿವಾರ ಸಂಜೆಯೇ ಬರುತ್ತಿದ್ದರು, ವಾರವಿಡೀ ಅಲ್ಲೇ ಕಂಪನಿಯ ಖೋಲಿಯಲ್ಲಿ ವಾಸ. ನಾನು ಇಲ್ಲಿ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಮಗಳು ಮದುವೆಯಾಗಿ ಹುಬ್ಬಳ್ಳಿಗೆ ಹೋದ ಮೇಲೆ ವಾರದ ಆರು ದಿನ ನಾನು ಒಬ್ಬಳೇ ಇದ್ದು ಅಭ್ಯಾಸವಾಗಿತ್ತು. ಸುಖವಾಗಿಯೂ ಇದ್ದೆ ಎಂದರೆ ತಪ್ಪಲ್ಲ. ಹೀಗಿರುವಾಗ ಅವರು ಒಮ್ಮೆಗೇ ಮನೆಯಲ್ಲಿ ಉಳಿದರು. ಇಡೀ ದಿನ, ಎಲ್ಲ ದಿನ, ಅದೇ ಕುರ್ಚಿಯಲ್ಲಿ.

ನನಗೆ ಅವರ ಮೇಲೆ ಸಿಟ್ಟಿತ್ತು. ಡಾಕ್ಟರು ಬಿಪಿ ಗುಳಿಗೆ ಬರೆದುಕೊಟ್ಟಿದ್ದರು, ಇವರು ನುಂಗಲಿಲ್ಲ. ಡಬ್ಬಿ ತುಂಬ ಗುಳಿಗೆ ಹಾಗೇ ಉಳಿದಿದ್ದನ್ನು ನಾನು ನೋಡಿದ್ದು ಆಸ್ಪತ್ರೆಗೆ ಸೇರಿಸಿದ ದಿನ, ಅವರ ಚೀಲದಲ್ಲಿ. ಹಾಸಿಗೆ ಹಿಡಿದ ಮನುಷ್ಯನನ್ನು ಬೈಯುವುದು ಹೇಗೆ? ಬೈಯಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಔಷಧ, ಸ್ನಾನ ಎಲ್ಲ ಮಾಡಿದೆ. ಅವರ ಹತ್ತಿರ ಕೂರುವುದನ್ನು ಮಾತ್ರ ಮಾಡಲಿಲ್ಲ. ಅವರಿಗೆ ಒಂದೊಂದು ಶಬ್ದ ಬರಲೂ ಹೊತ್ತು ಹಿಡಿಯುತ್ತಿತ್ತು. ನನಗೆ ಆ ತಾಳ್ಮೆ ಇರಲಿಲ್ಲ, ನಡುವೆಯೇ ನಾನು ವಾಕ್ಯ ಮುಗಿಸಿಬಿಡುತ್ತಿದ್ದೆ. ಅವರು 'ನೀ...' ಎಂದರೆ ನಾನು 'ನೀರ ಬೇಕೇನ್ರಿ' ಎನ್ನುತ್ತಿದ್ದೆ. ಕ್ರಮೇಣ ಅವರು ಶುರು ಮಾಡುವುದನ್ನೇ ನಿಲ್ಲಿಸಿದರು. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದು ಎಂದು ಊಟವನ್ನೂ ಏಳು ಗಂಟೆಗೆ ಒಬ್ಬರೇ ಮುಗಿಸುತ್ತಿದ್ದರು.

ನಾಯಿಯ ಜೊತೆ ಮಾತ್ರ ಅವರು ಮಾತಾಡಿದರು. ಬಂದ ಮೂರನೆಯ ದಿನವೇ ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. "ಬಾ... ಇಲ್ಲಿ. ಏನ... ನೋಡ್ತಿ? ಹೂಂ?" ನಾಯಿ ಅವರ ಮಾತು ಮುಗಿಯುವವರೆಗೆ ಕಾಯುತ್ತಿತ್ತು. ಅದಕ್ಕೆ ಬೇರೆ ಕೆಲಸವೂ ಇರಲಿಲ್ಲವೆನ್ನಿ. ವಾರಕ್ಕೆರಡು ಸಲ ಬರುತ್ತಿದ್ದ ಫಿಜಿಯೋಥೆರಪಿಯವರು, ಈ ನಾಯಿ ಇಲ್ಲೇ ಇರಲಿ, ಬೇರೆ ಏನು ಮಾಡಿದರೂ ಇವರು ಇಷ್ಟು ಮಾತಾಡುವುದಿಲ್ಲ ಎಂದರು. ಅವರೇ ಇನ್ನೊಂದು ಮಾತನ್ನೂ ಹೇಳಿದ್ದರು. ಇವರು ಬೀಳಬಾರದು. ಒಮ್ಮೆ ಬಿದ್ದು ಸೊಂಟದ ಎಲುಬು ಮುರಿದರೆ ಮತ್ತೆ ಎದ್ದು ನಡೆಯುವ ಆಸೆ ಬಿಟ್ಟುಬಿಡಿ.

ಈ ಎರಡು ಮಾತುಗಳ ನಡುವೆ ನಮ್ಮ ಮನೆಯ ನೆಲವಿತ್ತು. ನೆಲದ ಮೇಲೆ ನಾಯಿ ಹರಿದು ಹಾಕಿದ ಪ್ಯಾಡು.

ನಾಯಿ ಮೂತ್ರ ಮಾಡಲೆಂದು ಹಾಸುವ ಪ್ಯಾಡು ಎಂದರೆ ಮಕ್ಕಳ ಡಯಪರನ್ನು ಬಿಚ್ಚಿ ಅಗಲವಾಗಿ ಹಾಸಿದ ಹಾಗೆ. ಕೆಳಗೆ ಪ್ಲಾಸ್ಟಿಕ್, ಮೇಲೆ ತೆಳು ಬಟ್ಟೆ, ನಡುವೆ ಹತ್ತಿ, ಹತ್ತಿಯಲ್ಲಿ ಒಂದು ಪುಡಿ. ನಾಲ್ಕನೆಯ ಮಹಡಿಯಿಂದ ನಾಯಿಯನ್ನು ಇಳಿಸಲು ಗಂಡನಿಗೆ ಆಗದು, ನಾನು ಮನೆಯಲ್ಲಿರುವುದಿಲ್ಲ. ಆದ್ದರಿಂದ ಬೆಳಿಗ್ಗೆ ಒಮ್ಮೆ ಕೆಳಗೆ, ಉಳಿದ ಹೊತ್ತು ಬಾಲ್ಕನಿಯ ಪ್ಯಾಡಿನ ಮೇಲೆ ಎಂದು ರೂಢಿ ಮಾಡಿಸಿದೆ. ರೂಢಿ ಬೇಗ ಆಯಿತು, ಅದರಲ್ಲಿ ದೂರಿಲ್ಲ. ಆದರೆ ಕೆಲಸ ಮುಗಿದ ಮೇಲೆ ಅದು ಪ್ಯಾಡಿನ ಮೂಲೆ ಕಚ್ಚಿ ಅವರು ಕೂರುವ ಹಾಲಿಗೆ ಎಳೆದು ತಂದು ಚಿಂದಿ ಮಾಡುತ್ತಿತ್ತು. ಒಳಗಿನ ಪುಡಿ ಒದ್ದೆಯಾದರೆ ನೆನೆದ ಸಾಬೂದಾಣಿಯಂತೆ ಉಬ್ಬುತ್ತದೆ. ಟೈಲ್ಸ್ ಮೇಲೆ ಬಿದ್ದ ಆ ಸಾಬೂದಾಣಿಯ ಮೇಲೆ ಕಾಲಿಟ್ಟರೆ ನನ್ನಂಥ ಎರಡೂ ಕಾಲು ನೆಟ್ಟಗಿರುವವಳೇ ಜಾರುತ್ತಿದ್ದೆ. ಅವರ ಗತಿ?

ಮೊದಲ ಉಪಾಯ ಹೇಳಿದ್ದು ಕೆಳಗಿನ ಮನೆಯ ಮರಾಠಿ ಹೆಂಗಸು, ನಮಗೆಲ್ಲ ಕಾಕು. "ವಹಿನಿ, ಪ್ಯಾಡ್‌ಲಾ ಮಿರ್ಚಿ ಪೂಡ್ ಲಾವಾ, ಮಗ್ ಬಘಾ," ಎಂದರು. ಅತ್ತಿಗೆ, ಪ್ಯಾಡಿಗೆ ಮೆಣಸಿನಕಾಯಿ ಪುಡಿ ಹಚ್ಚಿ, ಆಮೇಲೆ ನೋಡಿ ಎಂದರ್ಥ. ಅವರ ಮನೆಯಲ್ಲಿ ಅದು ನಡೆಯುತ್ತಿತ್ತೇನೋ. ನಮ್ಮ ಡಬ್ಬಿಯಲ್ಲಿದ್ದುದು ಊರಿನಿಂದ ತಂದು ಕುಟ್ಟಿಸಿದ ಬ್ಯಾಡಗಿ ಮೆಣಸಿನಕಾಯಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಅದರಿಂದ ಏನೂ ಆಗದು ಎನ್ನುವುದು ಮೂವತ್ತು ವರ್ಷ ಅಡುಗೆ ಮಾಡಿದ ನನಗೆ ಹೊಳೆಯಬೇಕಿತ್ತು. ಸಂಜೆ ಬಂದು ನೋಡಿದರೆ ಬಿಳಿ ನಾಯಿಯ ಮೋರೆ, ಮುಂಗಾಲು, ಎದೆ ಎಲ್ಲ ಕೆಂಪು. ನಾನು ರಕ್ತ ಎಂದು ತಿಳಿದು ಚೀಲ ಕೈಬಿಟ್ಟೆ. ಅದು ಬಾಲ ಅಲ್ಲಾಡಿಸುತ್ತ ಪ್ಯಾಡಿನ ಕೊನೆಯ ತುಂಡನ್ನು ನೆಕ್ಕುತ್ತಿತ್ತು. ಕುರ್ಚಿಯಲ್ಲಿದ್ದ ಗಂಡನ ಹೆಗಲು ಅಲುಗುತ್ತಿತ್ತು. ನಗುತ್ತಿದ್ದರು. ನನ್ನ ಹೊಟ್ಟೆ ಉರಿಯಿತು.

ಹೆದರಿ ಪ್ರಾಣಿ ಡಾಕ್ಟರ ಹತ್ತಿರ ಒಯ್ದೆ. ಬೆಂಗಳೂರಿನ ಕಡೆಯ ಹುಡುಗಿ, ನಾನು ಕನ್ನಡದವಳೆಂದು ತಿಳಿದ ಕೂಡಲೇ ಕನ್ನಡದಲ್ಲೇ ಝಾಡಿಸಿದಳು. "ಆಂಟಿ, ನಾಯಿಗೆ ಯಾರಾದ್ರೂ ಚಿಲ್ಲಿ ಪೌಡರ್ ಹಾಕ್ತಾರಾ? ಕಣ್ಣಿಗೆ ಹೋಗಿದ್ರೆ? ಈ ಪ್ಯಾಡಿನ ಜೆಲ್ ಜಾಸ್ತಿ ತಿಂದ್ರೂ ಕರುಳಲ್ಲಿ ಬ್ಲಾಕ್ ಆಗತ್ತೆ, ಆಪರೇಷನ್ನೇ ಮಾಡ್ಬೇಕಾಗತ್ತೆ." ನಾನು ಶಾಲೆಯ ಮಕ್ಕಳ ಹಾಗೆ ತಲೆ ತಗ್ಗಿಸಿ ಕೇಳಿಸಿಕೊಂಡೆ. ಮರಿಗೆ ಹಲ್ಲು ಬರುವ ವಯಸ್ಸು, ಕಚ್ಚಲು ಆಟಿಕೆ ಕೊಡಿ. ಬೆಳಿಗ್ಗೆ ಐದು ನಿಮಿಷವಲ್ಲ, ಅರ್ಧ ಗಂಟೆ ನಡೆಸಿ. ಒದ್ದೆಯಾದ ಪ್ಯಾಡನ್ನು ಬೇಗ ತೆಗೆಯಿರಿ. ಹರಿದಾಗ ಗದ್ದಲ ಮಾಡಬೇಡಿ, ಸುಮ್ಮನೆ ಎತ್ತಿ ಹಾಕಿ.

ಮೊದಲ ಮೂರನ್ನೂ ಮಾಡಿದೆ. ಕೊನೆಯದು ನನ್ನಿಂದ ಆಗಲಿಲ್ಲ. ಆ ಅಂಟು ಪುಡಿಗೆ ಪೊರಕೆ ನಡೆಯುವುದಿಲ್ಲ. ಹಾಲಿನಲ್ಲಿ, ಅವರ ಕುರ್ಚಿಯ ಬುಡದಲ್ಲೇ ನೆಲಕ್ಕೆ ಕೂತು ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಬೇಕು. ಅರ್ಧ ಗಂಟೆ ಹಿಡಿಯುವ ಕೆಲಸ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವ ಜಾತಿ ನನ್ನದಲ್ಲ. ನಾಯಿಗೆ ಬೈಯಲು ಶುರು ಮಾಡಿದರೆ ಅದು ಅಲ್ಲಿಂದ ಹೆಡ್‌ಮಾಸ್ತರರಿಗೆ, ಅವರಿಂದ ದಾಖಲೆ ಕೇಳಲು ಬಂದು ಜಗಳವಾಡಿದ ಪಾಲಕರಿಗೆ, ಕೊನೆಗೆ ಹುಬ್ಬಳ್ಳಿಯಿಂದ ಮಗಳು ಮಾಡಿದ ಫೋನಿಗೆ ಹೋಗಿ ನಿಲ್ಲುತ್ತಿತ್ತು. ನಾಯಿ ಎದುರಿಗೆ ಕೂತು ತಲೆ ಓರೆ ಮಾಡಿ ಕೇಳುತ್ತಿತ್ತು. ಕುರ್ಚಿಯಲ್ಲಿ ಅವರೂ ಇರುತ್ತಿದ್ದರು.

ಆಟಿಕೆ, ವಾಕಿಂಗು ಎಲ್ಲ ಆದ ಮೇಲೂ ಹರಿಯುವುದು ಪೂರ್ತಿ ನಿಲ್ಲಲಿಲ್ಲ. ಆಗ ನನ್ನ ತಲೆಗೆ ಬಂದದ್ದು ಕೌದಿ. ನಮ್ಮ ಕಡೆಯ ಹೆಂಗಸರು ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಒತ್ತೊತ್ತಾಗಿ ದಾರ ಹಾಕಿ ಹೊಲಿಯುವ ಹೊದಿಕೆ. ತೀರಿಹೋದ ನನ್ನ ಅತ್ತೆ ಧಾರವಾಡದಲ್ಲಿದ್ದಾಗ ಹೊಲಿದುಕೊಟ್ಟ ಎರಡು ಕೌದಿ ನಮ್ಮಲ್ಲಿದ್ದವು. ಒಂದನ್ನು ಗಂಡ ಮಧ್ಯಾಹ್ನ ಮಲಗುವಾಗ ಕಾಲ ಮೇಲೆ ಹೊದೆಯುತ್ತಿದ್ದರು. ಇನ್ನೊಂದು ಅಂಚು ಜೂಲಾಗಿ ಅಟ್ಟದ ಮೇಲಿತ್ತು. ಕೌದಿಗೆ ಪ್ಲಾಸ್ಟಿಕ್ಕಿನ ಪರಪರ ಸದ್ದಿಲ್ಲ, ಎಳೆದು ತೆಗೆಯಲು ಒಳಗೆ ಹತ್ತಿಯಿಲ್ಲ, ಅತ್ತೆಯ ಹೊಲಿಗೆ ಹುಲಿಯ ಹಲ್ಲಿಗೂ ಬಗ್ಗುವಂಥದ್ದಲ್ಲ. ಒಗೆದು ಮತ್ತೆ ಹಾಸಬಹುದು.

"ಅವ್ವನ ಆ ಹಳೇ ಕೌದಿ ಕತ್ತರಿಸಲೇನ್ರಿ? ನಾಯಿಗೆ?" ಎಂದು ಕೇಳಿದೆ. ಕೇಳುವಾಗ ನನಗೇ ಒಂದು ನಮೂನೆ ಆಯಿತು. ಅವರು ಕಿಟಕಿಯ ಕಡೆ ನೋಡುತ್ತ, "ಹೂಂ," ಎಂದರು.

ನಾಲ್ಕು ತುಂಡು ಮಾಡಿ ಅಂಚು ಹೊಲಿದೆ. ಹಳೆಯ ಪ್ಯಾಡಿನ ಚೂರನ್ನು ಕೆಳಗಿಟ್ಟು ವಾಸನೆ ತೋರಿಸಿ, ಸರಿಯಾಗಿ ಮಾಡಿದಾಗ ಒಂದು ಕಾಳು ಶೇಂಗಾ ಕೊಟ್ಟು ನಾಲ್ಕೇ ದಿನದಲ್ಲಿ ಕಲಿಸಿದೆ. ಒಮ್ಮೆ ಕಚ್ಚಿ ಎಳೆದು ನೋಡಿತು. ಹರಿಯಲಿಲ್ಲ. ಬೇಸರಪಟ್ಟು ಬಿಟ್ಟಿತು. ನಾನು ಗೆದ್ದೆ ಎಂದುಕೊಂಡೆ. ಮಳೆಗಾಲದಲ್ಲಿ ಕೌದಿ ಒಣಗುವುದಿಲ್ಲ ಎಂಬ ಒಂದು ರಗಳೆ ಬಿಟ್ಟರೆ, ಫ್ಯಾನಿನ ಕೆಳಗೆ ಹರವಿ, ಇಸ್ತ್ರಿ ತಿಕ್ಕಿ ಹೇಗೋ ಸಾಗಿತು. ಮನೆ ಸ್ವಚ್ಛ. ಐದು ಗಂಟೆಗೆ ಬಂದವಳು ಚಪ್ಪಲಿ ಬಿಟ್ಟು ನೆಟ್ಟಗೆ ಅಡುಗೆಮನೆಗೆ ಹೋಗುತ್ತಿದ್ದೆ. ಹಾಲಿನಲ್ಲಿ ಟಿವಿ ತನ್ನ ಪಾಡಿಗೆ ನಡೆಯುತ್ತಿತ್ತು. ಆ ಮೂರು ವಾರ ನನಗೆ ಅತಿ ಶಾಂತವಾಗಿ ಕಂಡವು.

ನಾಯಿ ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಕಲಿತಿತ್ತು. ನಾನು ಕಲಿಸಿದ್ದೇನು? ಅತ್ತೆ ಹೊಲಿದ ಕೌದಿ ಕಂಡಲ್ಲಿ ಮೂತ್ರ ಮಾಡಬೇಕು ಎಂದು. ಒಂದು ಮಧ್ಯಾಹ್ನ ಅದು ಮಂಚ ಹತ್ತಿ ಕತ್ತರಿಸದೆ ಉಳಿದಿದ್ದ ಕೌದಿಯ ಮೇಲೆ, ಅದರ ಕೆಳಗೆ ನನ್ನ ಗಂಡನ ಕಾಲುಗಳಿರುವಾಗಲೇ, ತನ್ನ ಪಾಠ ಒಪ್ಪಿಸಿತು. ಅವರು ಒದ್ದೆ ಕೌದಿಯನ್ನು ಎಡಗೈಯಿಂದ ಸರಿಸಿ ಇಳಿಯಲು ಹೋದರು. ಅದು ಕಾಲಿಗೆ ಸುತ್ತಿಕೊಂಡಿತು. ನಾನು ಬಂದಾಗ ಮಂಚಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ಮೆಲ್ಲಗೆ ಜಾರಿ ಕೂತದ್ದರಿಂದ ಪೆಟ್ಟಾಗಿರಲಿಲ್ಲ. ನಾಯಿ ಅವರ ತೊಡೆಯ ಮೇಲೆ ಮಲಗಿತ್ತು.

ಕೆಳಗಿನ ಮನೆಯವರನ್ನು ಕರೆದು ಗಂಡನನ್ನು ಎತ್ತಿ ಕೂರಿಸಿದೆವು. ಅಂದೇ ನಿಶ್ಚಯ ಮಾಡಿದೆ. ನಮ್ಮ ಆಫೀಸಿನ ಜೊತೆಗಾತಿಯೊಬ್ಬಳ ತಂಗಿಗೆ ಲೋಣಾವಳಾದಲ್ಲಿ ಚಿಕ್ಕಿ ಅಂಗಡಿ ಇದೆ, ಹಿಂದೆ ಅಂಗಳವಿರುವ ಮನೆ. ಮಕ್ಕಳಿಗೆ ನಾಯಿ ಬೇಕೆಂದಿದ್ದಳು. ಮುಂದಿನ ವಾರ ಬಿಟ್ಟು ಅದರ ಮುಂದಿನ ಭಾನುವಾರ ಬಂದು ಒಯ್ಯುತ್ತೇವೆ ಎಂದರು.

"ನಾಯೀನ್ನ ಲೋಣಾವಳಾಕ ಕೊಡೋಣ್ರಿ. ನಿಮ್ಮ ಸಲುವಾಗಿನ ಹೇಳ್ಲಿಕ್ಕತ್ತೇನಿ," ಎಂದೆ.

ಅವರು ಮುಖ ಆಚೆ ತಿರುಗಿಸಿದರು. ನನಗೆ ಕೆಟ್ಟೆನಿಸಿತು, ಆದರೆ ಮನಸ್ಸು ಬದಲಿಸಲಿಲ್ಲ. ಬೇಸರ ಹೇಗೂ ಕಳೆಯುತ್ತದೆ, ಸೊಂಟ ಮುರಿದರೆ ಕೂಡುವುದಿಲ್ಲ.

ಉಳಿದ ದಿನಗಳಿಗೆಂದು ಮತ್ತೆ ಮೊದಲಿನ ನಮೂನೆಯ ಪ್ಯಾಡೇ ತಂದೆ. ಈ ಸಲ ಡಾಕ್ಟರ್ ಹುಡುಗಿಯನ್ನು ಫೋನಿನಲ್ಲಿ ಕೇಳಿ, ಅವಳು ಹೇಳಿದಂತೆ ಒಂದು ಪ್ಲಾಸ್ಟಿಕ್ ತಟ್ಟೆಯನ್ನೂ ತರಿಸಿದೆ. ಪ್ಯಾಡನ್ನು ತಟ್ಟೆಯೊಳಗೆ ಹಾಸಿ, ಮೇಲೆ ಜಾಳಿಗೆಯ ಚೌಕಟ್ಟು ಇಟ್ಟು, ನಾಲ್ಕು ಬದಿಗೆ ನಾಲ್ಕು ಕ್ಲಿಪ್ ಒತ್ತಬೇಕು. ಮೂತ್ರ ಕೆಳಗಿಳಿಯುತ್ತದೆ, ನಾಯಿಯ ಬಾಯಿ ಪ್ಯಾಡಿಗೆ ಎಟುಕುವುದಿಲ್ಲ. ಕ್ಲಿಪ್ ಎಷ್ಟು ಬಿಗಿಯೆಂದರೆ ತೆಗೆಯುವಾಗ ನನ್ನ ಉಗುರೇ ಮುರಿಯುತ್ತಿತ್ತು.

ಮೊದಲ ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಬಾಗಿಲು ತೆರೆದರೆ ಹಾಲಿನ ತುಂಬ ಹತ್ತಿ. ಚೌಕಟ್ಟು ಬಾಲ್ಕನಿಯಲ್ಲಿ ಒಂದು ಬದಿಗೆ ಬಿದ್ದಿತ್ತು. ನಾನೇ ಕ್ಲಿಪ್ ಸರಿಯಾಗಿ ಒತ್ತಿರಲಿಕ್ಕಿಲ್ಲ ಎಂದುಕೊಂಡೆ. ಮರುದಿನ ಎರಡೆರಡು ಸಲ ಒತ್ತಿ ನೋಡಿ ಹೋದೆ. ಸಂಜೆ ಮತ್ತೆ ಅದೇ. ನೆಲಕ್ಕೆ ಕೂತು ಒರೆಸುತ್ತ ನಾಯಿಯ ಏಳು ಜನ್ಮ ಜಾಲಾಡಿದೆ. "ಕ್ಲಿಪ್ ತಗೀಲಿಕ್ಕೆ ಕಲ್ತದರೀ ಇದು. ಇಷ್ಟು ಶಾಣ್ಯಾತನ ಇದ್ರ ನಮ್ಮ ಸಾಲ್ಯಾಗ ಕ್ಲರ್ಕ್ ಕೆಲ್ಸಕ್ಕ ಹಚ್ಚತೇನಿ," ಎಂದೆ. ಅವರು ನಕ್ಕರು. ಶಾಲೆಯಲ್ಲಿ ಆವತ್ತು ಆದದ್ದನ್ನೆಲ್ಲ ಹೇಳುತ್ತ ಒರೆಸಿ ಮುಗಿಸಿದೆ. ನಾಯಿಯ ಈ ಜಾಣತನ ನನಗೆ ಇನ್ನಷ್ಟು ಹೆದರಿಕೆ ತಂದಿತು. ಭಾನುವಾರ ಬರಲಿ ಎಂದು ದಿನ ಎಣಿಸಿದೆ.

ಭಾನುವಾರಕ್ಕೆ ಒಂದು ದಿನ ಉಳಿದಿತ್ತು. ಶನಿವಾರ. ಆಫೀಸು ಬಿಡುವಾಗ ದಿನದಂತೆ ಮನೆಗೆ ಫೋನು ಮಾಡಿ, "ಹೊಂಟೇನ್ರಿ," ಎಂದೆ. ಅವರು, "ಹೂಂ," ಎಂದರು. ಶಾಲೆಯಿಂದ ನಮ್ಮ ಮನೆಗೆ ನಡೆದು ಬರಲು ಅರ್ಧ ಗಂಟೆ. ಆವತ್ತು ಶಾಲೆಯ ಗೇಟಿನ ಬಳಿಯೇ ಕೆಳಗಿನ ಮನೆಯ ಕಾಕು ಮಗನ ಕಾರಿನಲ್ಲಿ ಸಿಕ್ಕರು, ಮಳೆ ಬೇರೆ, ಹತ್ತಿ ಕೂತೆ. ಐದಾರು ನಿಮಿಷಕ್ಕೆ ಮನೆ. ನನ್ನ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆರೆದೆ.

ಕುರ್ಚಿ ಖಾಲಿ ಇತ್ತು. ಹಿಡಿದು ನಡೆಯುವ ವಾಕರ್ ಕುರ್ಚಿಯ ಪಕ್ಕದಲ್ಲೇ ನಿಂತಿತ್ತು. ಅವರು ಬಾಲ್ಕನಿಯಲ್ಲಿದ್ದರು. ಬಲಗೈಯ ಮೊಣಕೈಯನ್ನು ಬಾಗಿಲ ಚೌಕಟ್ಟಿಗೆ ಸಿಕ್ಕಿಸಿಕೊಂಡು, ಎಡಗಾಲ ಮೇಲೆ ಭಾರ ಹಾಕಿ, ನೆಲದವರೆಗೆ ಬಗ್ಗಿ, ಎಡಗೈಯಿಂದ ತಟ್ಟೆಯ ಕ್ಲಿಪ್ ಬಿಚ್ಚುತ್ತಿದ್ದರು. ಎರಡು ಬಿಚ್ಚಿ ಆಗಿದ್ದವು. ಮೂರನೆಯದು ಬರುತ್ತಿರಲಿಲ್ಲ. ನಾಯಿ ಪಕ್ಕದಲ್ಲಿ ಕೂತು ಕಾಯುತ್ತಿತ್ತು. ಮಳೆಯ ಎರಚಲು ಬಿದ್ದು ಬಾಲ್ಕನಿಯ ನೆಲ ಒದ್ದೆಯಾಗಿತ್ತು.

ನಾನು ಕೂಗಲಿಲ್ಲ. ಕೂಗಿದರೆ ಬೆಚ್ಚಿ ಬೀಳುತ್ತಾರೆ ಎಂಬಷ್ಟು ಬುದ್ಧಿ ಇತ್ತು. ಬಾಯಿಗೆ ಸೆರಗು ಒತ್ತಿಕೊಂಡು ನಿಂತೆ. ಅವರು ಕೈಲಾಗದೆ, ಬಾಗಿಲ ಚೌಕಟ್ಟು ಹಿಡಿದು ಇಂಚಿಂಚೇ ನೆಟ್ಟಗಾಗಿ, ಗೋಡೆ ಹಿಡಿದು ತಿರುಗಿದ ಮೇಲೆ ಹೋಗಿ ರಟ್ಟೆ ಹಿಡಿದೆ. ತಂದು ಕುರ್ಚಿಯಲ್ಲಿ ಕೂರಿಸಿದೆ. ಆಗ ನನಗೆ ಪಿತ್ತ ನೆತ್ತಿಗೇರಿತು.

"ಏನ್ರೀ ಇದು? ನೀವ ಬಿಚ್ಚಿಕೊಡ್ತಿದ್ರೇನು ಇಷ್ಟು ದಿನ? ಬಿದ್ದಿದ್ರ? ನಾ ನಾಯಿಗೆ ಬೈಕೋತ ಕೂತೇನಿ, ಮನೀ ಬಿಟ್ಟು ಕಳಸ್ಲಿಕ್ಕತ್ತೇನಿ! ಯಾಕ ಮಾಡಿದ್ರಿ?"

ಅವರ ಬಾಯಿ ಅಲುಗಿತು. ಶಬ್ದ ಬರಲಿಲ್ಲ. ಆಟಕ್ಕೆ, ಬೇಸರಕ್ಕೆ, ನಾಯಿಗೆ ಖುಷಿಯಾಗಲಿ ಎಂದು, ಹೀಗೆ ಮೂರು ಉತ್ತರ ನನ್ನ ನಾಲಿಗೆಯ ತುದಿಗೇ ಬಂದವು. ಎಂದಿನಂತೆ ಅವರ ಪರವಾಗಿ ನಾನೇ ಹೇಳಿಬಿಡುತ್ತಿದ್ದೆ. ಆದರೆ ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ, ಆದ್ದರಿಂದ ಸುಮ್ಮನಿದ್ದೆ. ನಾಯಿಯೂ ಸುಮ್ಮನಿತ್ತು.

"ಹರದ್ರ..." ಎಂದರು. ಬಹಳ ಹೊತ್ತು ಕಳೆಯಿತು. "ಅದು ಹರದ್ರ... ನೀ... ಇಲ್ಲಿ..." ಎಡಗೈಯಿಂದ ತಮ್ಮ ಕಾಲ ಬುಡದ ನೆಲ ತೋರಿಸಿದರು. "ಕುಂದರ್ತಿ."

ಒದ್ದೆ ಚೀಲವನ್ನು ಬಾಗಿಲ ಬಳಿ ಇಟ್ಟು ಲೋಣಾವಳಾಕ್ಕೆ ಫೋನು ಮಾಡಿ ನಾಳೆ ಬರಬೇಡಿ ಎಂದೆ. ಬಾಲ್ಕನಿಗೆ ಹೋಗಿ ಬಿಚ್ಚಿದ್ದ ಎರಡು ಕ್ಲಿಪ್ಪುಗಳನ್ನು ಒತ್ತಿದೆ. ಪ್ಯಾಡು ಇಡಿಯಾಗಿತ್ತು, ನೆಲ ಸ್ವಚ್ಛವಾಗಿತ್ತು, ಆರಿಸಲು ಒಂದು ಎಳೆ ಹತ್ತಿಯೂ ಇರಲಿಲ್ಲ. ಒಳಗೆ ಬಂದು ಅವರ ಕಾಲ ಬುಡದಲ್ಲಿ ಕೂತೆ.